ಕಳೆದ ವರ್ಷದ ಮಾತನ್ನೇ ಉಳಿಸಿಕೊಳ್ಳದವರು ಮತ್ತೆ ಒಡಂಬಡಿಕೆ ಮಾಡಬಹುದೇ?

ಪ್ರಶ್ನೆ: ಹೊಸ ವರ್ಷದ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಒಡಂಬಡಿಕೆಯ ಆರಾಧನೆ, ಅಂದರೆ ನಮ್ಮನ್ನು ದೇವರಿಗೆ ಮತ್ತೆ ಒಪ್ಪಿಸಿಕೊಳ್ಳುವ ಆರಾಧನೆ, ನಡೆಯುತ್ತದೆ. ಪ್ರತಿ ವರ್ಷವೂ ಎಲ್ಲರೊಂದಿಗೆ ಅದರ ಪ್ರಾರ್ಥನೆಯನ್ನು ಹೇಳುತ್ತೇನೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಬೈಬಲ್ ಓದುವುದೂ ಕುಟುಂಬ ಪ್ರಾರ್ಥನೆಯೂ ನಿಂತುಹೋಗಿರುತ್ತವೆ. ತಪ್ಪುತ್ತೇನೆಂದು ಗೊತ್ತಿದ್ದೂ ದೇವರ ಮುಂದೆ ಅದೇ ಮಾತನ್ನು ಮತ್ತೆ ಆಡುವುದು ಕಪಟವಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಪಾಲಿಸುವ ಮನಸ್ಸೇ ಇಲ್ಲದೆ ಬಾಯಲ್ಲಿ ಮಾತ್ರ ಹೇಳಿದರೆ ಅದು ಕಪಟ. ಮನಸ್ಸಿದ್ದೂ ಸೋತರೆ ಅದು ಬಲಹೀನತೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಬೈಬಲಿನಲ್ಲಿ, ಶೆಕೆಮ್ ಎಂಬ ಊರಿನಲ್ಲಿ ಇಸ್ರಾಯೇಲ್ ಜನರೆಲ್ಲ ದೇವರಾದ ಯೆಹೋವನನ್ನೇ ಸೇವಿಸುತ್ತೇವೆಂದು ಒಕ್ಕೊರಲಿನಿಂದ ಹೇಳಿದಾಗ ಅವರ ಮುಪ್ಪಿನ ನಾಯಕ ಯೆಹೋಶುವ ಸಂತೋಷದಿಂದ ತಲೆದೂಗಲಿಲ್ಲ, ಅದು ನಿಮ್ಮಿಂದಾಗದು ಎಂದೇ ಹೇಳಿದ. ಹಾಗೆ ಹೇಳಿದವನೇ ಅದೇ ದಿನ ಅವರಿಂದ ಒಡಂಬಡಿಕೆ ಮಾಡಿಸಿ ಸಾಕ್ಷಿಗೆಂದು ಕಲ್ಲು ನೆಟ್ಟ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು ಬೈಬಲಿನ ನೆಹೆಮೀಯನ ಗ್ರಂಥ. ಅದರ 10ನೇ ಅಧ್ಯಾಯದಲ್ಲಿ ಜನರ ಮುಖಂಡರು ಮುದ್ರೆ ಹಾಕಿ ಒಪ್ಪಿಕೊಂಡ ಕರಾರುಗಳಲ್ಲಿ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ಹೊರಗಿನವರು ಸರಕು ತಂದರೂ ಕೊಳ್ಳುವುದಿಲ್ಲ ಎಂಬುದೂ ದೇವಾಲಯವನ್ನು ಅಲಕ್ಷ್ಯ ಮಾಡುವುದಿಲ್ಲ ಎಂಬುದೂ ಇವೆ. ಯೆರೂಸಲೇಮಿನ ಅಧಿಪತಿಯಾಗಿದ್ದ ನೆಹೆಮೀಯ ಪಾರಸಿಯ ಅರಸನ ಬಳಿಗೆ ಹೋಗಿ ಮರಳಿ ಬಂದು ನೋಡಿದರೆ, 13ನೇ ಅಧ್ಯಾಯದ ಪ್ರಕಾರ, ತೂರ್ ಪಟ್ಟಣದವರು ಸಬ್ಬತ್ತಿನಲ್ಲೇ ಯೆರೂಸಲೇಮಿನೊಳಗೆ ಮೀನು ಮಾರುತ್ತಿದ್ದರು, ಕಾಣಿಕೆಯ ಪಾಲು ಸಿಗದೆ ದೇವಾಲಯದ ಸೇವಕರಾದ ಲೇವಿಯರು ತಮ್ಮ ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು, ಕಾಣಿಕೆಯ ದವಸ ತುಂಬಿಡಬೇಕಾದ ದೇವಾಲಯದ ಕೋಣೆಯಲ್ಲಿ ತೋಬೀಯ ಎಂಬವನ ಮನೆ ಸಾಮಾನು ತುಂಬಿತ್ತು. ಒಪ್ಪಿಕೊಂಡಿದ್ದ ಮಾತುಗಳೇ ಮುರಿದಿದ್ದವು. ಆದರೂ ಆ ಒಡಂಬಡಿಕೆ ಸುಳ್ಳಾಗಿತ್ತೆಂದು ನೆಹೆಮೀಯ ಹೇಳಲಿಲ್ಲ. ಸಾಮಾನನ್ನು ಹೊರಗೆ ಎಸೆದು, ಕೋಣೆಯನ್ನು ಶುದ್ಧಿ ಮಾಡಿಸಿ, ಅಲ್ಲಿರಬೇಕಾದ ಪಾತ್ರೆಗಳನ್ನೂ ಧೂಪವನ್ನೂ ಮರಳಿ ಇರಿಸಿದ.

ಇನ್ನು ನೀವು ಹೇಳುವ ಆರಾಧನೆಯ ವಿಚಾರ. ಇದನ್ನು ಮೆಥೊಡಿಸ್ಟರೆಂಬ ಪ್ರೊಟೆಸ್ಟಂಟ್ ಪಂಗಡದಲ್ಲಿ ಆರಂಭಿಸಿದವರು ಅದರ ಮೂಲಪುರುಷ ಜಾನ್ ವೆಸ್ಲಿ. 1755ರ ಆಗಸ್ಟ್ 11ರ ಸಂಜೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ದೇವಾಲಯದಲ್ಲಿ ಸುಮಾರು 1,800 ಜನ ಎದ್ದು ನಿಂತು ಒಡಂಬಡಿಕೆಗೆ ಸಮ್ಮತಿ ಸೂಚಿಸಿದರು. ಅಂದರೆ ಮೊದಲ ಸಲ ಅದು ಹೊಸ ವರ್ಷದ ಆಚರಣೆಯಾಗಿರಲಿಲ್ಲ. ಜನವರಿಗೆ ಅಂಟಿಕೊಂಡದ್ದು ಆಮೇಲೆ. ಮೆಥೊಡಿಸ್ಟರೂ ಸೇರಿಕೊಂಡು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಗೂ ಅದು ಬಂತು. ಇದನ್ನು ಹೋಲುವಂತೆ ಕಥೋಲಿಕರು ದೀಕ್ಷಾಸ್ನಾನದ ವಾಗ್ದಾನಗಳನ್ನು ಸಭೆಯಾಗಿ ನವೀಕರಿಸುವುದು ಪಾಸ್ಖ ಜಾಗರಣೆಯಲ್ಲಿ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಆರಾಧನೆಯಲ್ಲಿ.

ನೀವು ಸೋತದ್ದು ಯಾವುದರಲ್ಲಿ ಎಂಬುದನ್ನೂ ಗಮನಿಸಬೇಕು. ದಿನಕ್ಕೆ ಇಷ್ಟು ಅಧ್ಯಾಯ ಓದುತ್ತೇನೆ, ಇಷ್ಟು ಹೊತ್ತು ಪ್ರಾರ್ಥಿಸುತ್ತೇನೆ ಎಂಬ ಸಾಲುಗಳು ಒಡಂಬಡಿಕೆಯ ಪ್ರಾರ್ಥನೆಯಲ್ಲಿ ಇಲ್ಲವೇ ಇಲ್ಲ. ನಾನಿನ್ನು ನನ್ನವನಲ್ಲ, ನಿನ್ನವನು. ನಿನಗೆ ಬೇಕಾದ ಕೆಲಸಕ್ಕೆ ಹಚ್ಚು, ಇಲ್ಲವೇ ಬದಿಗಿಡು. ತುಂಬಿಸು, ಇಲ್ಲವೇ ಬರಿದು ಮಾಡು ಎಂಬುದು ಅದರ ಸಾರ. ಕೆಲಸದಿಂದ ನಿವೃತ್ತರಾದವರೂ ಹಾಸಿಗೆ ಹಿಡಿದವರೂ ಇದನ್ನು ಹೇಳಬಲ್ಲರು. ಬದಿಗಿಡು ಎಂಬ ಮಾತು ಬಹುಶಃ ಅವರಿಗೇ ಹೆಚ್ಚು ಅರ್ಥವಾದೀತು. ಡಿಸೆಂಬರ್ 31ರ ರಾತ್ರಿ ಸಭೆಯಲ್ಲಿ ತಟ್ಟೆಯಿಂದ ಎತ್ತಿಕೊಳ್ಳುವ, ಬೈಬಲ್ ವಚನ ಬರೆದ ವಾಗ್ದಾನದ ಚೀಟಿ ನಮಗೇನು ಸಿಗುತ್ತದೆಂದು ಹೇಳುತ್ತದೆ, ಈ ಪ್ರಾರ್ಥನೆ ನಮ್ಮಿಂದ ಏನನ್ನು ತೆಗೆದುಕೊಳ್ಳಬಹುದೆಂದು ಹೇಳುತ್ತದೆ. ಚೀಟಿಯ ವಚನ ಹಿಡಿಸಲಿಲ್ಲವೆಂದು ಇನ್ನೊಂದನ್ನು ಎತ್ತಿಕೊಳ್ಳುವವರನ್ನು ನೋಡಿದ್ದೇನೆ. ಒಡಂಬಡಿಕೆಯಲ್ಲಿ ಆ ಸೌಲಭ್ಯವಿಲ್ಲ. ಬೈಬಲ್ ಓದುವುದನ್ನು ಬಿಟ್ಟದ್ದು ನಷ್ಟವೇ ಹೌದು, ಮತ್ತೆ ಆರಂಭಿಸಿ. ಆದರೆ ಅದರಿಂದ ದೇವರೊಂದಿಗಿನ ಸಂಬಂಧವೇ ರದ್ದಾಯಿತೆಂದು ಭಾವಿಸಬೇಡಿ. ದೀಕ್ಷಾಸ್ನಾನ ಒಮ್ಮೆ ಆದದ್ದು, ಅದು ಮರುಕಳಿಸುವುದಿಲ್ಲ. ಅದರಲ್ಲಿ ದೇವರು ಕೊಟ್ಟ ಮಾತಿಗೆ ನೀವು ಮತ್ತೆ ಹೂಂಗುಡುತ್ತೀರಿ, ಅಷ್ಟೇ.

ಒಂದು ಲೋಪ ಮಾತ್ರ ನಮ್ಮ ಕಡೆಯದು. ವೆಸ್ಲಿ ಆ ಸಂಜೆಗೆ ಮುಂಚೆ ಹಲವು ಬೆಳಗ್ಗೆ ಒಡಂಬಡಿಕೆಯ ಅರ್ಥವನ್ನು ಸಭೆಗೆ ವಿವರಿಸಿದ್ದರು, ಶುಕ್ರವಾರ ಅನೇಕರು ಉಪವಾಸವಿದ್ದರು. ನಾವಾದರೋ ಪುಟ ತೆರೆದು, ಮುಂದಿನವರ ದನಿ ಹಿಡಿದು, ಅದೇ ವೇಗದಲ್ಲಿ ಓದಿ ಮುಗಿಸುತ್ತೇವೆ. ಈ ಸಲ ಆ ಪ್ರಾರ್ಥನೆಯನ್ನು ಹಿಂದಿನ ವಾರವೇ ಮನೆಯಲ್ಲಿ ಒಬ್ಬರೇ ಕುಳಿತು ನಿಧಾನವಾಗಿ ಓದಿ. ಗಂಟಲಲ್ಲಿ ಸಿಕ್ಕಿಕೊಳ್ಳುವ ಸಾಲೊಂದು ಇದ್ದೇ ಇರುತ್ತದೆ: ಕೆಲವರಿಗೆ ಆಸ್ತಿಯ ಮಾತು, ಕೆಲವರಿಗೆ ಮಕ್ಕಳ ಮಾತು. ಅದನ್ನು ನಿಮ್ಮ ಸಭಾಪಾಲಕರೊಂದಿಗೆ ಮಾತನಾಡಿ. ಭಾನುವಾರವೂ ಅದು ಬಾಯಿಗೆ ಬರದಿದ್ದರೆ ಆ ಒಂದು ಸಾಲಿಗೆ ಸುಮ್ಮನಿದ್ದು, ಮುಂದಿನದಕ್ಕೆ ಸಭೆಯೊಂದಿಗೆ ದನಿಗೂಡಿಸಿ.