ಕೆಲಸ ಸಿಗದೆ ಸ್ಯಾಂಪಲ್ ಎಲ್ಲಿಂದ ತರಲಿ? ಕಾಪಿರೈಟಿಂಗ್ ಶುರು ಮಾಡುವವರ ಪ್ರಶ್ನೆ

ಪ್ರಶ್ನೆ: ನನಗೆ ಬರೆಯುವುದು ಇಷ್ಟ. ಕಾಪಿರೈಟಿಂಗ್ ಶುರು ಮಾಡಬೇಕು ಅಂತಿದ್ದೇನೆ. ಯಾರನ್ನು ಕೆಲಸ ಕೇಳಿದರೂ "ಮೊದಲು ಬರೆದದ್ದೇನಾದರೂ ಇದ್ದರೆ ತೋರಿಸಿ" ಅಂತಾರೆ. ಕೆಲಸವೇ ಸಿಕ್ಕಿಲ್ಲ, ಏನು ತೋರಿಸಲಿ? ಕೋರ್ಸ್ ಮಾಡಲೇಬೇಕಾ?

ಉತ್ತರ: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವ ಗಾದೆ ನಿಮಗೇ ಹೇಳಿ ಮಾಡಿಸಿದ ಹಾಗಿದೆ. ಆದರೆ ಈ ಗಂಟು ನೀವು ಅಂದುಕೊಂಡಷ್ಟು ಬಿಗಿಯಾಗಿಲ್ಲ. ಸ್ಯಾಂಪಲ್ ಅಂದರೆ ಯಾರೋ ದುಡ್ಡು ಕೊಟ್ಟು ಬರೆಸಿದ್ದೇ ಆಗಬೇಕು ಅಂತೇನಿಲ್ಲ. ನೀವೇ ಒಂದು ವಸ್ತು ಆರಿಸಿಕೊಂಡು, ನಿಮ್ಮಷ್ಟಕ್ಕೆ ಬರೆದದ್ದೂ ಸ್ಯಾಂಪಲ್ಲೇ. ಮೇಲೆ "ಅಭ್ಯಾಸಕ್ಕೆ ಬರೆದದ್ದು" ಅಂತ ಒಂದು ಸಾಲು ಹಾಕಿ. ಅದನ್ನು ಮುಚ್ಚಿಟ್ಟು, ಆ ಕಂಪನಿಗೆ ಕೆಲಸ ಮಾಡಿದ್ದೆ ಅಂತ ಹೇಳಿಕೊಂಡರೆ ಮಾತ್ರ ತಪ್ಪು.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಕನ್ನಡದಲ್ಲಿ ಬರೆದಾಗ ಕಾಪಿರೈಟ್, ಕಾಪಿರೈಟಿಂಗ್ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಸಂಬಂಧವೇ ಇಲ್ಲ. ಮೊದಲನೆಯದು ಹಕ್ಕುಸ್ವಾಮ್ಯ, ಕಾನೂನಿನ ವಿಷಯ. ಎರಡನೆಯದು ಓದಿದವರು ಏನಾದರೊಂದು ಮಾಡಲಿ ಅಂತ ಬರೆಯುವ ಬರವಣಿಗೆ. ಕೊಳ್ಳಲಿ, ಫೋನ್ ಮಾಡಲಿ, ಹೆಸರು ನೋಂದಾಯಿಸಲಿ, ಕೊನೆಗೆ ಒಂದು ಬಟನ್ ಆದರೂ ಒತ್ತಲಿ ಅಂತ. ಜಾಹೀರಾತು ಮಾತ್ರವಲ್ಲ, ವಸ್ತುವಿನ ವಿವರಣೆ, ಇಮೇಲ್, ಮೊಬೈಲಿಗೆ ಬರುವ ಚುಟುಕು ಸಂದೇಶ, ಆ ಬಟನ್ ಮೇಲಿನ ಎರಡು ಪದ, ಎಲ್ಲವೂ ಕಾಪಿಯೇ.

1904ರಲ್ಲಿ ಶಿಕಾಗೋದ ಲಾರ್ಡ್ ಅಂಡ್ ಥಾಮಸ್ ಅನ್ನುವ ಜಾಹೀರಾತು ಏಜೆನ್ಸಿಗೆ ಜಾನ್ ಇ. ಕೆನಡಿ ಅನ್ನುವವನು ಒಂದು ಚೀಟಿ ಕಳಿಸಿದ. ಜಾಹೀರಾತು ಅಂದರೆ ಏನು ಅಂತ ನನಗೆ ಗೊತ್ತು, ನಿಮಗೆ ಗೊತ್ತಿಲ್ಲ, ತಿಳಿಯಬೇಕಿದ್ದರೆ ಕರೆಸಿಕೊಳ್ಳಿ ಅನ್ನುವ ಧಾಟಿಯ ಚೀಟಿ. ಎಂಥಾ ಧೈರ್ಯ ನೋಡಿ! ಅಲ್ಲಿದ್ದ ಆಲ್ಬರ್ಟ್ ಲ್ಯಾಸ್ಕರ್ ಕರೆಸಿ ಕೇಳಿದಾಗ ಅವನು ಕೊಟ್ಟ ಉತ್ತರ ಇಷ್ಟೇ: ಅಚ್ಚಿನಲ್ಲಿ ಮಾಡುವ ಮಾರಾಟ. ನೂರಿಪ್ಪತ್ತು ವರ್ಷ ಕಳೆದರೂ ಇದಕ್ಕಿಂತ ಚೊಕ್ಕ ವಿವರಣೆ ನನಗೆ ಸಿಕ್ಕಿಲ್ಲ. ನೀವು ಲೇಖಕರಾಗಿ ಅಲ್ಲ, ಮಾರುವವರಾಗಿ ಕೂತಿದ್ದೀರಿ. ಮಾರುವವರಿಗೆ ತಮ್ಮ ಕೈಲಿರುವ ವಸ್ತು ಗೊತ್ತಿರಬೇಕು, ಎದುರಿಗಿರುವ ಮನುಷ್ಯ ಗೊತ್ತಿರಬೇಕು. ಭಾಷೆ ಆಮೇಲಿನ ಮಾತು.

ಹೊಸಬರು ಎಡವುವುದು ಇಲ್ಲೇ. ಬರವಣಿಗೆ ಚೆನ್ನಾಗಿಯೇ ಇರುತ್ತದೆ. ಹೇಳುವುದಕ್ಕೆ ವಿಷಯ ಇರುವುದಿಲ್ಲ. ವಿಷಯ ಇಲ್ಲದಾಗ ಕೈ ತಾನಾಗಿ "ಅತ್ಯುತ್ತಮ", "ನಂಬಿಕೆಯ ಹೆಸರು", "ನಿಮ್ಮ ಕನಸಿನ" ಅಂತ ಶುರು ಮಾಡುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಶುರುವಿನಲ್ಲಿ ಅಭ್ಯಾಸಕ್ಕೆ ಅಂತ ಉಲ್ಟಾ ಮಡಚುವ ಕೊಡೆಯನ್ನು ಆರಿಸಿಕೊಂಡಿದ್ದೆ. ನೋಡಿರಬಹುದು, ಮಡಚಿದಾಗ ಒದ್ದೆ ಮೈ ಒಳಗೆ ಹೋಗಿ ಒಣ ಮೈ ಹೊರಗೆ ಬರುತ್ತದೆ. ಮೊದಲ ದಿನ ಬರೆದದ್ದು "ಮಳೆಗಾಲಕ್ಕೆ ನಿಮ್ಮ ಅತ್ಯುತ್ತಮ ಸಂಗಾತಿ". ಇದನ್ನು ರೇನ್‌ಕೋಟಿಗೂ ಹಾಕಬಹುದು, ಬೂಟಿಗೂ ಹಾಕಬಹುದು. ಅಂದರೆ ಕೊಡೆಯ ಬಗ್ಗೆ ಏನೂ ಹೇಳಿಲ್ಲ ಅಂತಾಯ್ತು.

ಆಮೇಲೆ ಕೊಡೆ ಕೊಂಡವರು ಬರೆದ ವಿಮರ್ಶೆಗಳನ್ನು ಓದುತ್ತಾ ಕೂತೆ. ಹೊಗಳಿಕೆಗಿಂತ ಬೈಗುಳದಲ್ಲೇ ಮಾಲು ಜಾಸ್ತಿ. ಹಳೆಯ ಕೊಡೆಗಳ ಬಗ್ಗೆ ಜನರ ದೂರು ಸುತ್ತಿ ಸುತ್ತಿ ಒಂದೇ ಕಡೆ ಬರುತ್ತಿತ್ತು: ನೆನೆಯುವುದು ಮಳೆಯಲ್ಲಲ್ಲ, ಮಳೆಯಿಂದ ಒಳಗೆ ಬಂದ ಮೇಲೆ. ಬಸ್ಸಿನಲ್ಲಿ ಒದ್ದೆ ಕೊಡೆ ಇಡುವುದಕ್ಕೆ ಜಾಗ ಇಲ್ಲ. ಪಕ್ಕದವರ ಬಟ್ಟೆಗೆ ತಾಗಿ ಬೈಸಿಕೊಂಡದ್ದೂ ಆಗಿದೆ. ನನಗೆ ತಟ್ಟನೆ ಒಂದು ಸಾಲು ಹೊಳೆಯಿತು. "ಕೊಡೆ ಒದ್ದೆ, ತೊಡೆ ಒಣ." ಪ್ರಾಸ ಬೇರೆ! ಎರಡು ದಿನ ಕಾಲು ನೆಲದ ಮೇಲಿರಲಿಲ್ಲ.

ಮೂರನೇ ದಿನ ಸ್ನೇಹಿತರೊಬ್ಬರ ಹತ್ತಿರ ಅಂಥದೇ ಕೊಡೆ ಇಸ್ಕೊಂಡೆ. ನಲ್ಲಿ ಕೆಳಗೆ ನೆನೆಸಿ, ಮಡಚಿ, ತೊಡೆ ಮೇಲೆ ಅಡ್ಡ ಇಟ್ಟುಕೊಂಡೆ. ಒಳಗೆ ತುಂಬಿದ್ದ ನೀರೆಲ್ಲ ಪ್ಯಾಂಟಿನ ಮೇಲೆ. ಉಲ್ಟಾ ಮಡಚುವ ಕೊಡೆ ಲೋಟ ಇದ್ದ ಹಾಗೆ. ನೆಟ್ಟಗೆ ಹಿಡಿದರೆ ನೀರು ಒಳಗಿರುತ್ತದೆ, ಮಲಗಿಸಿದರೆ ಚೆಲ್ಲುತ್ತದೆ. ನನ್ನ ಅತಿ ಚೆಂದದ ಸಾಲು ಸುಳ್ಳಾಗಿತ್ತು. ಅದನ್ನು ನಂಬಿ ಕೊಂಡವರು ಮೊದಲ ಮಳೆಗೇ ವಾಪಸ್ ಕಳಿಸುತ್ತಿದ್ದರು. ಕೊನೆಗೆ ಉಳಿದದ್ದು ಇದು:

"ಒದ್ದೆ ಕೊಡೆ ಹಿಡಿದೇ ಬಸ್ ಹತ್ತಿ. ಪಕ್ಕದವರು ಗೊಣಗಲ್ಲ.
ಮಡಚಿದರೆ ಒದ್ದೆ ಮೈ ಒಳಗೆ, ಒಣ ಮೈ ಹೊರಗೆ. ನೆಟ್ಟಗೆ ಹಿಡಿದುಕೊಂಡರೆ ಸಾಕು, ನಿಮ್ಮ ಬಟ್ಟೆಗೂ ಅವರ ಬಟ್ಟೆಗೂ ನೀರು ತಾಗಲ್ಲ. ಇಳಿದ ಮೇಲೆ ಬಗ್ಗಿಸಿ ನೀರು ಚೆಲ್ಲಿಬಿಡಿ."

ಕೆಳಗಿನ ಬಟನ್ ಮೇಲೆ "ಈಗಲೇ ಕೊಳ್ಳಿ" ಅಂತ ಹಾಕಲಿಲ್ಲ. "ಮಡಚುವುದು ಹೇಗೆ ನೋಡಿ" ಅಂತ ಹಾಕಿದೆ. ಇಂಥ ಕೊಡೆಯನ್ನು ಕಂಡೇ ಇಲ್ಲದವರಿಗೆ ಮೊದಲು ಬೇಕಾದದ್ದು ಕಣ್ಣಾರೆ ನೋಡುವುದು. ದುಡ್ಡು ತೆಗೆಯುವುದು ಅದಾದ ಮೇಲೆ, ಅಲ್ವಾ? ಪ್ರಾಸ ಹೋಯಿತು ಅಂತ ಇವತ್ತಿಗೂ ಸ್ವಲ್ಪ ಹೊಟ್ಟೆ ಉರಿಯುತ್ತದೆ, ನಿಜ.

ಜಾಹೀರಾತು ಲೋಕದ ದೊಡ್ಡವರ ಕೆಲಸವೂ ಇದಕ್ಕಿಂತ ಬೇರೆ ಏನಲ್ಲ. ಡೇವಿಡ್ ಓಗಿಲ್ವಿ 1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ಜಾಹೀರಾತಿನ ತಲೆಬರಹ ಇಂದಿಗೂ ಹೆಸರುವಾಸಿ. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ಆ ಕಾರಿನೊಳಗೆ ಕೇಳುವ ಅತಿ ದೊಡ್ಡ ಸದ್ದು ಅದರ ಎಲೆಕ್ಟ್ರಿಕ್ ಗಡಿಯಾರದ್ದು ಅನ್ನುವ ಸಾಲು. ಸದ್ದಿಲ್ಲದ ಕಾರು ಅಂತ ಬರೆದಿದ್ದರೆ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅದು ಓಗಿಲ್ವಿ ತಲೆಯಿಂದ ಹುಟ್ಟಿದ ಸಾಲೂ ಅಲ್ಲ. ಮೂರು ವಾರ ಕಾರಿನ ಬಗ್ಗೆ ಓದುತ್ತಾ ಕೂತಿದ್ದಾಗ ವಾಹನಗಳ ಪತ್ರಿಕೆಯೊಂದರ ವರದಿಯಲ್ಲಿ ಕಣ್ಣಿಗೆ ಬಿದ್ದದ್ದು. ಸಾಲನ್ನು ಬರೆದರು ಅನ್ನುವುದಕ್ಕಿಂತ ಹೆಕ್ಕಿದರು ಅನ್ನುವುದೇ ಸರಿ.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. ನಿಮ್ಮ ಮನೆಯಲ್ಲೇ ಇರುವ, ದಿನಾ ಬಳಸುವ ಮೂರು ವಸ್ತು ಆರಿಸಿಕೊಳ್ಳಿ. ಒಂದೊಂದಕ್ಕೂ ಮೂರು ನಾಲ್ಕು ದಿನ ಬರೀ ಓದಿ, ಬಳಸಿ, ಬಳಸುವವರನ್ನು ಕೇಳಿ. ಅವರು ಹೇಳಿದ ಮಾತನ್ನು ತಿದ್ದಬೇಡಿ, ಹಾಗೇ ಬರೆದಿಟ್ಟುಕೊಳ್ಳಿ. "ನೀರು ಸೋರುವಿಕೆಯ ಸಮಸ್ಯೆ" ಅಂತ ಯಾರೂ ಮಾತಾಡಲ್ಲ, "ಬ್ಯಾಗೆಲ್ಲ ಒದ್ದೆ ಮಾಡಿಬಿಡ್ತು" ಅಂತಾರೆ. ನಿಮ್ಮ ಕಾಪಿಗೆ ಬೇಕಾದದ್ದು ಆ ಎರಡನೇ ಮಾತು. ಆಮೇಲೆ ಒಂದಕ್ಕೆ ಚಿಕ್ಕ ಜಾಹೀರಾತು, ಇನ್ನೊಂದಕ್ಕೆ ಇಮೇಲ್, ಮತ್ತೊಂದಕ್ಕೆ ಪೂರ್ತಿ ಒಂದು ಪುಟದ ವಿವರಣೆ ಬರೆಯಿರಿ. ತಲೆಬರಹ ಒಂದಕ್ಕೇ ನಿಲ್ಲಬೇಡಿ, ಇಪ್ಪತ್ತು ಬರೆಯಿರಿ. ಮೊದಲ ಹತ್ತು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ.

ಸ್ಯಾಂಪಲ್ ಜೊತೆಗೆ ನಾಲ್ಕು ಸಾಲಿನ ಟಿಪ್ಪಣಿಯೂ ಇರಲಿ: ಇದನ್ನು ಯಾರಿಗಾಗಿ ಬರೆದೆ, ಅವರ ತಲೆನೋವು ಏನು, ಯಾವ ಸಾಲನ್ನು ಯಾಕೆ ಬಿಟ್ಟೆ. ಕೊಡೆಯ ಸ್ಯಾಂಪಲ್ ಜೊತೆ ನಾನು ಒದ್ದೆ ಪ್ಯಾಂಟಿನ ಕಥೆಯನ್ನೂ ಬರೆದಿದ್ದೆ. ನನಗೆ ಮೊದಲ ಕೆಲಸ ಕೊಟ್ಟವರು ಕಾಪಿಯ ಬಗ್ಗೆ ಒಂದು ಮಾತೂ ಆಡಲಿಲ್ಲ, ಆ ಟಿಪ್ಪಣಿಯ ಬಗ್ಗೆಯೇ ಕೇಳಿದರು.

ಕೆಲಸ ಕೇಳುವಾಗ "ನಾನು ಹೊಸಬ, ಒಂದು ಅವಕಾಶ ಕೊಡಿ" ಅಂತ ನೂರು ಜನಕ್ಕೆ ಒಂದೇ ಪತ್ರ ಕಳಿಸಬೇಡಿ. ಹತ್ತು ಚಿಕ್ಕ ವ್ಯಾಪಾರ ಆರಿಸಿ. ಅವರ ಪುಟ ಪೂರ್ತಿ ಓದಿ. ತಿದ್ದಬಹುದಾದ ಒಂದೇ ಒಂದು ಜಾಗ ಹುಡುಕಿ, ನೀವಾದರೆ ಹೇಗೆ ಬರೆಯುತ್ತಿದ್ದಿರಿ ಅಂತ ಎರಡು ಸಾಲು ಬರೆದು ಕಳಿಸಿ. ತಪ್ಪು ಪಟ್ಟಿ ಮಾಡಬೇಡಿ. ಆ ಪುಟವನ್ನು ಬರೆದವರು ಬಹುಶಃ ಓದುತ್ತಿರುವ ಮಾಲೀಕರೇ! ಎಷ್ಟೋ ಜನ ಉತ್ತರವನ್ನೇ ಕೊಡುವುದಿಲ್ಲ. ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ದುಡ್ಡಿನ ವಿಷಯ. ಪದಕ್ಕೆ ಇಷ್ಟು ಅಂತ ಒಪ್ಪಿಕೊಳ್ಳಬೇಡಿ. ಪದ ಕಮ್ಮಿ ಮಾಡುವುದೇ ಈ ಕೆಲಸದಲ್ಲಿ ಅರ್ಧ ಶ್ರಮ, ಹಾಗಿರುವಾಗ ಕಮ್ಮಿ ಮಾಡಿದ್ದಕ್ಕೆ ಕಮ್ಮಿ ದುಡ್ಡು ತೆಗೆದುಕೊಳ್ಳುವುದು ಯಾವ ನ್ಯಾಯ? ಇಡೀ ಕೆಲಸಕ್ಕೆ ಇಷ್ಟು ಅಂತ ಹೇಳಿ. ಎಷ್ಟು ಸಲ ತಿದ್ದಿಕೊಡುತ್ತೀರಿ ಅನ್ನುವುದನ್ನು ಮೊದಲೇ ಬರೆದು ಕಳಿಸಿ, ಎರಡು ಸಲ ಸಾಕು. ಸ್ವಲ್ಪ ಮುಂಗಡ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಕೆಲಸ ಮುಗಿದ ಮೇಲೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ, ಹೊಸಬರು ಅದನ್ನೇ ಮರೆಯುತ್ತಾರೆ: ಏನಾಯ್ತು? ಎಷ್ಟು ಜನ ಬಟನ್ ಒತ್ತಿದರು, ಎಷ್ಟು ಜನ ಫೋನ್ ಮಾಡಿದರು? ಕೆನಡಿ ಹೋದ ಏಜೆನ್ಸಿಗೇ ಮುಂದೆ ಸೇರಿದ ಕ್ಲಾಡ್ ಹಾಪ್ಕಿನ್ಸ್ ಜಾಹೀರಾತಿನಲ್ಲಿ ಕತ್ತರಿಸಿ ಕಳಿಸುವ ಕೂಪನ್ ಇಟ್ಟು, ಯಾವ ಜಾಹೀರಾತಿಗೆ ಎಷ್ಟು ಬಂತು ಅಂತ ಎಣಿಸುತ್ತಿದ್ದ. ಈಗ ಕತ್ತರಿ ಬೇಡ, ಮಾಲೀಕರನ್ನು ಕೇಳಿದರೆ ಸಾಕು. ಸಿಕ್ಕ ಅಂಕಿ ಚೆನ್ನಾಗಿದ್ದರೆ, ಅವರ ಒಪ್ಪಿಗೆ ಇದ್ದರೆ, ನಿಮ್ಮ ಮುಂದಿನ ಸ್ಯಾಂಪಲ್ ಜೊತೆ ಅದೂ ಹೋಗುತ್ತದೆ.

ಎಐ ಬಂದಿದೆಯಲ್ಲ, ಇನ್ನು ಈ ಕೆಲಸ ಇರುತ್ತಾ ಅಂತಲೂ ಸುಮಾರು ಜನ ಕೇಳುತ್ತಾರೆ. "ಮಳೆಗಾಲಕ್ಕೆ ನಿಮ್ಮ ಅತ್ಯುತ್ತಮ ಸಂಗಾತಿ" ಬರೆಯುವವರ ಕೆಲಸ ಕಷ್ಟ. ಆ ಸಾಲನ್ನು ಯಂತ್ರ ಕ್ಷಣದಲ್ಲಿ ಐವತ್ತು ಬರೆದುಕೊಡುತ್ತದೆ. ಕೊಡೆ ನೆನೆಸಿ ತೊಡೆ ಮೇಲಿಟ್ಟು ನೋಡುವುದು ಮಾತ್ರ ನೀವೇ ಮಾಡಬೇಕು.

ಇನ್ನು ಕೋರ್ಸ್. ಮಾಡಲೇಬೇಕು ಅಂತಿಲ್ಲ, ಮಾಡಿದರೆ ತಪ್ಪೂ ಇಲ್ಲ. ಮೊದಲು ಗಮನ, ಆಮೇಲೆ ಆಸಕ್ತಿ, ಆಸೆ, ಕೊನೆಗೆ ಕ್ರಿಯೆ ಅನ್ನುವಂಥ ಸೂತ್ರಗಳನ್ನು ಅಲ್ಲಿ ಹೇಳಿಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಕಲಿಯಬಹುದು, ಉಪಯೋಗಕ್ಕೂ ಬರುತ್ತವೆ. ಸೇರುವ ಮುಂಚೆ ಒಂದನ್ನು ಕೇಳಿ: ನಾನು ಬರೆದದ್ದನ್ನು ಯಾರಾದರೂ ಸಾಲು ಸಾಲಾಗಿ ಓದಿ ತಿದ್ದುತ್ತಾರಾ? ಬರೀ ವಿಡಿಯೋ, ಕೊನೆಗೊಂದು ಸರ್ಟಿಫಿಕೇಟ್ ಅಂದರೆ ಸುಮ್ನೆ ದುಡ್ಡು ದಂಡ. ಸರ್ಟಿಫಿಕೇಟ್ ನೋಡಿ ಕಾಪಿರೈಟಿಂಗ್ ಕೆಲಸ ಕೊಟ್ಟವರನ್ನು ನಾನಂತೂ ಇನ್ನೂ ಕಂಡಿಲ್ಲ.