ರಂಧ್ರವಿದ್ದರೆ ಸಾಲದು, ದಾರಿಯೂ ಬೇಕು

ಒಂದು ಗ್ರಾಂ ಪುಡಿಯೊಳಗೆ ಒಂದೂಕಾಲು ಎಕರೆಗೂ ಹೆಚ್ಚು ಮೇಲ್ಮೈ ಅಡಗಿರಬಹುದೆಂದರೆ ನಂಬುವುದು ಕಷ್ಟ. ಆದರೆ 2009ರಲ್ಲಿ ವರದಿಯಾದ ಪಿಎಎಫ್-1 ಎಂಬ ರಂಧ್ರಮಯ ಪಾಲಿಮರ್‌ನದು (ಪುಟ್ಟ ಅಣುಗಳು ಬಲೆಯಂತೆ ಬೆಸೆದುಕೊಂಡ ವಸ್ತು) ಗ್ರಾಂಗೆ ಸುಮಾರು 5600 ಚದರ ಮೀಟರ್. ನೀರಿನ ಕಲ್ಮಶ ಹಿಡಿಯಲು, ರಾಸಾಯನಿಕ ಕ್ರಿಯೆ ಚುರುಕಾಗಿಸಲು ಇಂಥ ಪಾಲಿಮರ್‌ಗಳು ಬೇಕು; ಈ ಅಂಕಿ ಕಂಡಾಗ ರಂಧ್ರ ಹೆಚ್ಚಿದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಆದರೆ ಇದನ್ನು ಸಾಮಾನ್ಯವಾಗಿ ಅಳೆಯುವುದು ಪುಟ್ಟ ನೈಟ್ರೋಜನ್ ಅಣುಗಳನ್ನು ಒಳಬಿಟ್ಟು. ಅವು ನುಸುಳಿದ ಕಡೆಯೆಲ್ಲ ಬಣ್ಣದ ಅಥವಾ ಕೀಟನಾಶಕದ ದೊಡ್ಡ ಅಣು ನುಸುಳಲಾರದು.

ಬೀಟಾ-ಸೈಕ್ಲೋಡೆಕ್ಸ್ಟ್ರಿನ್ ನೋಡಿ. ಏಳು ಗ್ಲೂಕೋಸ್ ಘಟಕಗಳು ಉಂಗುರವಾಗಿ ಸೇರಿದ, ಬಟ್ಟಲಿನಾಕಾರದ ಅಣು. ಅದರ ಹೊರಮೈಗೆ ನೀರು ಒಗ್ಗುತ್ತದೆ, ಒಳಗಿನ ಟೊಳ್ಳಿಗೆ ಅಷ್ಟಾಗಿ ಒಗ್ಗದು. ಹಾಗಾಗಿ ಪ್ಲಾಸ್ಟಿಕ್‌ನಿಂದ ನೀರಿಗಿಳಿಯುವ ಬಿಸ್ಫೆನಾಲ್-ಎ ಆ ಟೊಳ್ಳಿನಲ್ಲಿ ಕೂರುತ್ತದೆ. ಈ ಬಟ್ಟಲುಗಳನ್ನು ಎಪಿಕ್ಲೋರೋಹೈಡ್ರಿನ್ ಎಂಬ ಜೋಡಕ ರಾಸಾಯನಿಕದಿಂದ ಬೆಸೆದರೆ ಕೊಂಡಿಗಳು ಬಳುಕಿ ಒತ್ತೊತ್ತಾಗಿಬಿಡುತ್ತವೆ; ಬಟ್ಟಲುಗಳಿದ್ದರೂ ಅಲ್ಲಿಗೆ ತಲುಪುವುದು ತಡವಾಗುತ್ತದೆ. 2016ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಕ್ಟೆಲ್ ಅವರ ತಂಡ ಅವೇ ಬಟ್ಟಲುಗಳನ್ನು ಬಾಗದ ಬೆಂಜೀನ್ ಉಂಗುರಗಳಿಂದ ಜೋಡಿಸಿತು. ಕೊಂಡಿ ಬಾಗದ್ದರಿಂದ ನಡುವೆ ತೆರವು ಉಳಿಯಿತು. ಮೇಲ್ಮೈ ಗ್ರಾಂಗೆ 300 ಚದರ ಮೀಟರ್ ಕೂಡ ಇಲ್ಲ. ಆದರೂ ತಾನು ಹಿಡಿಯಬಲ್ಲ ಬಿಸ್ಫೆನಾಲ್‌ನ ಶೇ 95ರಷ್ಟನ್ನು ಅದು ಹತ್ತೇ ಸೆಕೆಂಡಿನಲ್ಲಿ ಹಿಡಿಯಿತು! ಮೆಥನಾಲ್‌ನಲ್ಲಿ ತೊಳೆದರೆ ಮತ್ತೆ ಬಳಕೆಗೆ ಸಿದ್ಧ. ಹೊಸ ಪಾಲಿಮರ್‌ಗಳ ವರದಿಯಲ್ಲಿ ಮೇಲ್ಮೈ ಅಂಕಿಗಿಂತ ಮೊದಲು ಈ ವೇಗವನ್ನು ಹುಡುಕಬೇಕು ಎನ್ನುವುದು ನನ್ನ ಅಭಿಪ್ರಾಯ.

ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ವೇಗವರ್ಧಕಗಳಲ್ಲಿ ದಾರಿಯ ಲೆಕ್ಕ ಇನ್ನೂ ಬಿಗಿ. ಅಣು ಒಳಹೋದರಷ್ಟೇ ಸಾಲದು, ಮಾರ್ಪಟ್ಟು ಹೊರಗೂ ಬರಬೇಕು. ಆಮ್ಲ ಗುಂಪುಗಳನ್ನು ಹೊತ್ತ ಪಾಲಿಸ್ಟೈರೀನ್ ರಾಳದ ಮಣಿಗಳನ್ನು ಕಾರ್ಖಾನೆಗಳು ಘನ ಆಮ್ಲವಾಗಿ ಬಳಸುತ್ತವೆ. ಖಾಯಂ ರಂಧ್ರಗಳಿಲ್ಲದ ಜೆಲ್ ಮಾದರಿಯ ಮಣಿ ನೀರಿನಲ್ಲಿ ಉಬ್ಬಿ ತೆರೆದುಕೊಳ್ಳುತ್ತದೆ. ಪೆಟ್ರೋಲಿನಂಥ ಹೈಡ್ರೋಕಾರ್ಬನ್ ದ್ರವದಲ್ಲಿ ಮುದುಡಿಯೇ ಇದ್ದು ಒಳಗಿನ ಆಮ್ಲವೆಲ್ಲ ಕೆಲಸಕ್ಕೆ ಬಾರದಾಗುತ್ತದೆ. ಇದಕ್ಕೊಂದು ಸೊಗಸಾದ ಉಪಾಯವಿದೆ: ಮಣಿ ತಯಾರಿಸುವಾಗಲೇ, ಪಾಲಿಮರ್ ಜೊತೆ ಬೆಸೆದುಕೊಳ್ಳದ ದ್ರವವೊಂದನ್ನು ಬೆರೆಸಿ ಆಮೇಲೆ ತೊಳೆದು ತೆಗೆಯುವುದು. ಅದು ಬಿಟ್ಟುಹೋದ ಜಾಗವೇ ಖಾಯಂ ರಂಧ್ರ.

ಕಿರಿದಾದ ರಂಧ್ರಗಳಷ್ಟೇ ಇದ್ದರೆ ವೇಗದ ಕ್ರಿಯೆಗಳು ಮಣಿಯ ಹೊರಪದರದಲ್ಲೇ ಮುಗಿದು, ನಡುಭಾಗಕ್ಕೆ ಕೆಲಸವೇ ಇರುವುದಿಲ್ಲ. ಎಲ್ಲವನ್ನೂ ಹಿಗ್ಗಿಸಿದರೆ ಮೇಲ್ಮೈ ಕುಗ್ಗುತ್ತದೆ. ಹಾಗಾಗಿ 50 ನ್ಯಾನೋಮೀಟರ್ ಮೀರಿದ ಹೆದ್ದಾರಿಗಳಿಂದ 2 ನ್ಯಾನೋಮೀಟರ್‌ಗೂ ಕಿರಿದಾದ ಗಲ್ಲಿಗಳು ಕವಲೊಡೆಯುವಂಥ ರಚನೆಗಳನ್ನು ಸಂಶೋಧಕರು ಕಟ್ಟುತ್ತಿದ್ದಾರೆ. ನದಿಯ ನೀರಿನಲ್ಲಿ ಇನ್ನೊಂದು ತೊಡಕಿದೆ: ಕೊಳೆತ ಎಲೆ, ಬೇರುಗಳಿಂದ ಬರುವ ಹ್ಯೂಮಿಕ್ ಆಮ್ಲದ ದೊಡ್ಡ ಅಣುಗಳು ಅಗಲದ ರಂಧ್ರಗಳಲ್ಲೇ ಜಮಾಯಿಸಿ ಗಲ್ಲಿಗಳ ಬಾಯಿ ಕಟ್ಟಬಲ್ಲವು. ಶುದ್ಧ ನೀರಿನಲ್ಲಿ ಗೆದ್ದ ಪಾಲಿಮರ್ ಇಂಥ ನೀರಿನಲ್ಲೂ ಗೆದ್ದು ತೋರಿಸಬೇಕು.