ಫ್ರೇಮಿನ ಕಾಲು ಎಷ್ಟು ಉದ್ದ ಇರಬೇಕು?

ಪ್ರಶ್ನೆ: ನಾನೇ ಮಾಡಿದ ಮರದ ಫೋಟೋ ಫ್ರೇಮಿಗೆ ಅಂಗಡಿಯ ಸ್ಟ್ಯಾಂಡ್ ಹಲಗೆ (ಫ್ರೇಮನ್ನು ಮೇಜಿನ ಮೇಲೆ ನಿಲ್ಲಿಸಲು ಮಡಚುವ ಕಾಲಿರುವ ಹಿಂಬದಿಯ ಹಲಗೆ) ಯಾವುದೂ ಹೊಂದುತ್ತಿಲ್ಲ. ಬೇಕಾದ ಅಳತೆಯದ್ದು ಎಲ್ಲಿ ಸಿಗುತ್ತದೆ? ನಾನೇ ಮಾಡಿಕೊಂಡರೆ ಕಾಲು ಎಷ್ಟು ಉದ್ದ ಇಡಲಿ?

ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಕಟ್ಟು ಹಾಕುವ ಅಂಗಡಿಯಲ್ಲಿ ಸಿಗುವುದು 4×6, 5×7, 6×8, 8×10, 8×12 ಇಂಚಿನ ರೆಡಿ ಹಲಗೆಗಳು. ಕೈಯಲ್ಲಿ ಮಾಡಿದ ಫ್ರೇಮು ಈ ಲೆಕ್ಕಕ್ಕೆ ಎಲ್ಲಿ ಸಿಗುತ್ತದೆ? ಒಂದು ಸೈಜ್ ದೊಡ್ಡದು ತಂದು ಕತ್ತರಿಸಿಕೊಳ್ಳಬಹುದು. ಆದರೆ ಹಲಗೆ ಕತ್ತರಿಸಿದವರು ಕಾಲನ್ನು ಹಾಗೇ ಬಿಡುತ್ತಾರೆ. "ಉದ್ದ ಇರಲಿ ಬಿಡಿ, ಗಟ್ಟಿಯಾಗಿ ನಿಲ್ಲುತ್ತೆ" ಅನ್ನುತ್ತಾರೆ. ತೊಂದರೆ ಶುರುವಾಗುವುದು ಇಲ್ಲೇ.

ಕಾಲು ಉದ್ದ ಇದ್ದಷ್ಟೂ ಫ್ರೇಮು ಗಟ್ಟಿ ನಿಲ್ಲುತ್ತದೆ ಎಂಬ ನಂಬಿಕೆ ಪೂರ್ತಿ ತಪ್ಪು. ಫ್ರೇಮು ನಿಲ್ಲುವುದು ಹಿಂದಕ್ಕೆ ಒರಗಿರುವುದರಿಂದ. ಅದರ ಭಾರ ಕೆಳಗಿನ ಅಂಚಿಗೂ ಕಾಲಿನ ತುದಿಗೂ ನಡುವೆ ಬೀಳಬೇಕು. ಕಾಲು ಉದ್ದವಾದರೆ ಅದು ಫ್ರೇಮನ್ನು ಹಿಂದಿನಿಂದ ಮುಂದಕ್ಕೆ ತಳ್ಳುತ್ತದೆ.

ಅಳತೆ ಹಿಡಿದೇ ನೋಡೋಣ. ಫ್ರೇಮಿನ ಎತ್ತರ 25 ಸೆಂ.ಮೀ. ಇರಲಿ. ಕಾಲಿನ ಕೀಲು ಕೆಳಗಿನಿಂದ 16 ಸೆಂ.ಮೀ. ಮೇಲೆ, ಕಾಲಿನ ಉದ್ದವೂ 16. ಕಾಲಿನ ತುದಿ 9 ಸೆಂ.ಮೀ. ಹಿಂದೆ ಹೋಗುವಷ್ಟು ತೆರೆದರೆ ಫ್ರೇಮು ಸುಮಾರು 16 ಡಿಗ್ರಿ ಒರಗುತ್ತದೆ. ಅದರ ಭಾರ ಕೆಳಗಿನ ಅಂಚಿನಿಂದ ಮೂರೂವರೆ ಸೆಂ.ಮೀ.ನಷ್ಟು ಹಿಂದೆ ಬೀಳುತ್ತದೆ. ಫ್ಯಾನ್ ಗಾಳಿಗೆ, ಮೇಜು ಒರೆಸುವ ಬಟ್ಟೆ ತಾಗಿದ್ದಕ್ಕೆ ಅಲುಗುವುದಿಲ್ಲ. ಈಗ ಅದೇ ಕಾಲನ್ನು ಅಷ್ಟೇ ಕೋನಕ್ಕೆ ತೆರೆಯುವ ಹಾಗೆ ಇಟ್ಟು ಉದ್ದ 19 ಸೆಂ.ಮೀ. ಮಾಡಿ. ಫ್ರೇಮು ಗೋಡೆಯ ಹಾಗೆ ನೆಟ್ಟಗಾಗುತ್ತದೆ. ಬೆರಳು ತಾಗಿದರೆ ಸಾಕು, ಮುಂದಕ್ಕೆ ಮಗುಚಿ ಗಾಜು ಚೂರು.

ನನ್ನ ಹತ್ತಿರ ಕಲಿಯಲು ಬರುವ ಒಬ್ಬ ಮೇಷ್ಟ್ರು ತಾವೇ ಮಾಡಿದ ತೇಗದ ಫ್ರೇಮನ್ನು ಮೂರು ಸಲ ತಂದರು. ಬಿದ್ದಾಗಲೆಲ್ಲ ಕಾಲಿಗೆ ಒಂದು ಚೂರು ಅಂಟಿಸಿ ಉದ್ದ ಮಾಡಿದ್ದರು. "ಸಾರ್, ಅಂಟಿಸಿದ್ದನ್ನೆಲ್ಲ ತೆಗೀರಿ" ಅಂದೆ. ಮನಸ್ಸಿಲ್ಲದ ಮನಸ್ಸಿನಿಂದ ಗರಗಸ ಹಿಡಿದರು. ಆಮೇಲೆ ಮೇಜಿನ ಮೇಲೆ ಅಂಗೈಯಿಂದ ಬಡಿದು ನೋಡಿದರು. ಫ್ರೇಮು ಕದಲಲಿಲ್ಲ. ಆ ಹೊತ್ತಿನ ಅವರ ಮುಖ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಹಾಗಾಗಿ ಲೆಕ್ಕ ಇಷ್ಟೇ: ಕಾಲು ಮಡಚಿದಾಗ ಅದರ ತುದಿ ಫ್ರೇಮಿನ ಕೆಳಗಿನ ಅಂಚಿಗೆ ಸಮ ಇರಬೇಕು. ಹಲಗೆಯ ಅಂಚಿಗಲ್ಲ, ಫ್ರೇಮಿನ ಅಂಚಿಗೆ. ಹಲಗೆ ಫ್ರೇಮಿನ ಒಳಗೆ ಕೂರುತ್ತದೆ, ಅಲ್ವಾ? ಒಂದು ಸೆಂ.ಮೀ. ವ್ಯತ್ಯಾಸ ಬರುವುದು ಅಲ್ಲೇ.

ಇನ್ನು ಮಾಡುವ ಬಗೆ. 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕು. ಗಾಜು ಕೂರುವ ಜಾಗಕ್ಕಿಂತ ಉದ್ದಗಲ ಎರಡರಲ್ಲೂ 2 ಮಿ.ಮೀ. ಕಡಿಮೆ ಕತ್ತರಿಸಿ, ಮಳೆಗಾಲದಲ್ಲಿ ಅದು ಉಬ್ಬುತ್ತದೆ. ಇಷ್ಟು ತೆಳು ಹಲಗೆಯಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಪುಸ್ತಕ ಬೈಂಡಿಂಗ್ ಮಾಡುವವರ ಹತ್ತಿರ ಸಿಗುವ ಬಟ್ಟೆಯ ಪಟ್ಟಿಯನ್ನೇ ಕೀಲು ಮಾಡಿ. ಅರ್ಧ ಹಲಗೆಗೆ, ಅರ್ಧ ಕಾಲಿಗೆ ಫೆವಿಕಾಲ್ ಹಚ್ಚಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ. ಕಾಲು ಬೇಕಾದ್ದಕ್ಕಿಂತ ಜಾಸ್ತಿ ತೆರೆಯದಂತೆ ಹಲಗೆಗೂ ಕಾಲಿಗೂ ರಿಬ್ಬನ್ ಕಟ್ಟಲೇಬೇಕು. ಮೇಲಿನ ಅಳತೆಗೆ, ಕಾಲಿನ ಮಧ್ಯದಲ್ಲಿ ಕಟ್ಟಿದರೆ ರಿಬ್ಬನ್ ನಾಲ್ಕೂವರೆ ಸೆಂ.ಮೀ. ಇರಲಿ. ಎಲಾಸ್ಟಿಕ್ ಬೇಡ, ಹಿಗ್ಗುತ್ತದೆ. ನುಣುಪಾದ ಗ್ರಾನೈಟ್ ಮೇಲೆ ಇಡುವುದಾದರೆ ಕಾಲಿನ ತುದಿಗೆ ಹಳೇ ಸೈಕಲ್ ಟ್ಯೂಬಿನ ಚೂರು ಅಂಟಿಸಿ.

ಇಷ್ಟೆಲ್ಲ ಮಾಡಿದ ಮೇಲೆ ಒಳಗಿನ ಫೋಟೋ ಕಡೆಗೂ ಸ್ವಲ್ಪ ನೋಡಿ. ಇದನ್ನು ಯಾರೂ ಕೇಳುವುದಿಲ್ಲ, ನನಗೆ ಸಂಕಟ ಆಗುವುದು ಇದಕ್ಕೇ. ಫೋಟೋವನ್ನು ನೇರವಾಗಿ ಗಾಜಿಗೆ ಒತ್ತಿ ಹಲಗೆ ಮುಚ್ಚುತ್ತೀರಿ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಫೋಟೋದ ಮೇಲ್ಪದರ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಫೋಟೋದ ಸುತ್ತ ಒಂದು ಮೌಂಟ್, ಅಂದರೆ ನಡುವೆ ಕಿಟಕಿಯ ಹಾಗೆ ಕತ್ತರಿಸಿದ ದಪ್ಪ ಕಾಗದ, ಹಾಕಿದರೆ ಗಾಜಿಗೂ ಫೋಟೋಗೂ ನಡುವೆ ಗಾಳಿಗೆ ಜಾಗ ಸಿಗುತ್ತದೆ.

ಅಜ್ಜಿಯ ಮದುವೆ ಫೋಟೋ ಆಗಲೇ ಅಂಟಿಕೊಂಡಿದೆಯಾ? ದಯವಿಟ್ಟು ಕಿತ್ತು ತೆಗೆಯಲು ಹೋಗಬೇಡಿ. ಮುಖದ ಭಾಗವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಹೊಸ ಪ್ರಿಂಟ್ ತೆಗೆಸಿಕೊಳ್ಳಿ, ಹಳೆಯದನ್ನು ಗಾಜಿನೊಂದಿಗೇ ಎತ್ತಿಡಿ.